ಎರೆನಾಡಿನ ಹಿತ್ತಲಿಗೆ ಏರುಮಡಿ: ಎತ್ತರವನ್ನು ಯಾರು ನಿರ್ಧರಿಸಬೇಕು?

(ರಾಯಚೂರಿನಲ್ಲಿ ಕೈತೋಟದ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ತಾಯಂದಿರೆ, ಗೆಳೆಯರೆ,

ರಾಯಚೂರು, ಕೊಪ್ಪಳ, ಬಳ್ಳಾರಿಯ ಊರುಗಳಲ್ಲಿ ಹಿತ್ತಲಿನಲ್ಲಿ ಏರುಮಡಿ, ಅಂದರೆ ನೆಲಮಟ್ಟಕ್ಕಿಂತ ಎತ್ತರಿಸಿದ ಪಾತಿ, ಕಟ್ಟಿ ಕಾಯಿಪಲ್ಲೆ ಬೆಳೆಯಬೇಕೆನ್ನುವವರು ಈಗ ಹೆಚ್ಚಾಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಹೆಚ್ಚಿನವರು ಮಡಿಯ ಅಳತೆಯನ್ನು ಮೊಬೈಲಿನ ವಿಡಿಯೊಗಳಿಂದ ಪಡೆಯುತ್ತಾರೆ, ಮತ್ತು ಆ ವಿಡಿಯೊಗಳಲ್ಲಿ ಬಹಳಷ್ಟು ತಂಪು ದೇಶಗಳಲ್ಲಿ ತಯಾರಾದವು. ಅಲ್ಲಿ ಮಡಿಯನ್ನು ಎತ್ತರಿಸುವುದಕ್ಕೆ ಒಂದು ಮುಖ್ಯ ಕಾರಣವೆಂದರೆ ಚಳಿಗಾಲ ಮುಗಿದೊಡನೆ ಮಣ್ಣು ಬೇಗ ಬೆಚ್ಚಗಾಗಲಿ ಎಂಬುದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಮಣ್ಣನ್ನು ಬೆಚ್ಚಗೆ ಮಾಡಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಆದ್ದರಿಂದ ಏರುಮಡಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ ಮೊದಲು, ನಮ್ಮ ಹಿತ್ತಲಿಗೆ ಎಷ್ಟು ಎತ್ತರ ಬೇಕು, ಯಾವ ಕಾರಣಕ್ಕೆ ಬೇಕು ಎಂದು ಕೇಳಬೇಕೆಂಬುದು ನನ್ನ ವಿನಂತಿ. ಆ ಎತ್ತರವನ್ನು ಕಾಲ ಕೆಳಗಿನ ಮಣ್ಣು ಮತ್ತು ನಾವು ಹಾಯಿಸುವ ನೀರು, ಇವೆರಡು ಸೇರಿ ನಿರ್ಧರಿಸಬೇಕು.

ಮಣ್ಣಿನಿಂದಲೇ ಆರಂಭಿಸೋಣ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ನೆಲವಿದೆ. ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆ ಎರೆ, ಅಂದರೆ ಕಪ್ಪು ಜೇಡಿಮಣ್ಣು, ಹೆಚ್ಚು. ಲಿಂಗಸುಗೂರು, ದೇವದುರ್ಗ, ಕುಷ್ಟಗಿಯ ಕಡೆ ಮಸಾರಿ ಎನ್ನುವ ಕೆಂಪು ಮಣ್ಣೂ ಗರಸು ಎನ್ನುವ ಸಣ್ಣ ಕಲ್ಲುಮಣ್ಣೂ ಸಾಕಷ್ಟಿವೆ. ಒಂದೇ ಊರಿನಲ್ಲಿ ಎರಡೂ ಇರುವುದುಂಟು, ಒಂದೇ ಓಣಿಯಲ್ಲಿಯೂ ಇರುವುದುಂಟು. ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲವೇ ಭಾದ್ರಪದದ ಮಳೆಯಲ್ಲಿ ಬಾಯಿ ಮುಚ್ಚಿಕೊಂಡು, ಮೇಲೆ ಬಿದ್ದ ನೀರನ್ನು ಒಳಗೆ ಬಿಡದೆ ನಿಲ್ಲಿಸಿಕೊಳ್ಳುತ್ತದೆ. ಆಗ ಬೇರಿಗೆ ಗಾಳಿ ಸಿಗುವುದಿಲ್ಲ. ಮೆಂತ್ಯ, ಕೊತ್ತಂಬರಿ, ಪಾಲಕದಂಥ ಬೆಳೆಗಳು ಎರಡು ಮೂರು ದಿನ ನೀರಿನಲ್ಲಿ ನಿಂತರೆ ಹಳದಿಯಾಗಿ ಬುಡದಲ್ಲಿ ಕೊಳೆಯುತ್ತವೆ. ನಮ್ಮ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ನೀರು ನಿಲ್ಲುವ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ಆ ಮಳೆ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ. ಅದರ ದೊಡ್ಡ ಪಾಲು ಆಗಸ್ಟ್, ಸೆಪ್ಟೆಂಬರಿನ ಕೆಲವೇ ದಿನಗಳಲ್ಲಿ ಒಟ್ಟಿಗೆ ಸುರಿಯುತ್ತದೆ.

ಈ ಸಮಸ್ಯೆಗೆ ನಮ್ಮಂಥದೇ ನೆಲದಲ್ಲಿ ಹುಡುಕಿದ ಉತ್ತರವೊಂದು ಹತ್ತಿರದಲ್ಲಿಯೇ ಇದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು ಎರೆಭೂಮಿಗಾಗಿ ಅಗಲ ಮಡಿ ಮತ್ತು ಸಾಲಿನ ಪದ್ಧತಿಯನ್ನು ರೂಪಿಸಿತು. ಒಂದು ಮೀಟರಿನಷ್ಟು ಅಗಲದ ಮಡಿ, ಅದರ ಪಕ್ಕಕ್ಕೆ ಅರ್ಧ ಮೀಟರಿನಷ್ಟು ಅಗಲದ ಸಾಲು, ಒಟ್ಟು 150 ಸೆಂಟಿಮೀಟರ್; ಹೆಚ್ಚಾದ ನೀರು ಸಣ್ಣ ಇಳಿಜಾರಿನಲ್ಲಿ ಸಾಲಿನ ಮೂಲಕ ನಿಧಾನವಾಗಿ ಹರಿದು ಹೊರಗೆ ಹೋಗುತ್ತದೆ. ಅಲ್ಲಿ ಇಟ್ಟಿಗೆಯ ಗೋಡೆಯಿಲ್ಲ, ಹೊರಗಿನಿಂದ ತಂದ ಮಣ್ಣಿಲ್ಲ. ಸಾಲಿನ ಮಣ್ಣನ್ನು ತೆಗೆದು ಮಡಿಗೆ ಏರಿಸಿದರೆ ಆಯಿತು. ಹೊಲಕ್ಕಾಗಿ ರೂಪಿಸಿದ ಈ ಪದ್ಧತಿಯನ್ನು ಹಿತ್ತಲಿಗೆ ಇಳಿಸಿಕೊಳ್ಳುವುದು ಸುಲಭ. ನೀರು ನಿಲ್ಲುವುದೊಂದೇ ತೊಂದರೆಯಾಗಿದ್ದರೆ ಎರೆನೆಲದಲ್ಲಿ 6ರಿಂದ 9 ಅಂಗುಲ ಎತ್ತರ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಏರಿಸಿದರೆ ಬೇಸಿಗೆಯಲ್ಲಿ ನೀರಿನ ಖರ್ಚು ಏರುತ್ತದೆ, ಏಕೆಂದರೆ ಮಡಿಯ ಮೇಲ್ಮೈಯ ಜೊತೆಗೆ ನಾಲ್ಕು ಬದಿಗಳಿಗೂ ಬಿಸಿಲು, ಗಾಳಿ ತಾಗುತ್ತವೆ. ಒಂದು ಎಚ್ಚರಿಕೆ: ಎರೆಮಣ್ಣನ್ನು ಹದ ನೋಡಿ ಮುಟ್ಟಬೇಕು. ಹಸಿಯಿದ್ದಾಗ ಅಗೆದರೆ ಹೆಂಟೆಗಳಾಗಿ ಒಣಗಿ ಕಲ್ಲಾಗುತ್ತದೆ, ಪೂರ್ತಿ ಒಣಗಿದ ಮೇಲೆ ಗುದ್ದಲಿಗೆ ಬಗ್ಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಬೆರಳಿನಿಂದ ಒತ್ತಿದೊಡನೆ ಉದುರಿದರೆ ಅದೇ ಹದ. ಮಳೆಯಾದ ಮೇಲೆ ಆ ಹದ ಕೆಲವೇ ದಿನ ಇರುತ್ತದೆ.

ಇನ್ನು ನಮ್ಮ ಭಾಗದ ದೊಡ್ಡ ಸಂಕಟಕ್ಕೆ ಬರುತ್ತೇನೆ. ಅದು ಸವಳು, ಅಂದರೆ ಮಣ್ಣಿನಲ್ಲಿ ಉಪ್ಪು ಕೂಡುವುದು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಸೀಮೆಯ ಬದುಕನ್ನೇ ಬದಲಿಸಿತು. ಯೋಜನೆಯ ಮೂಲ ಉದ್ದೇಶ ಹೆಚ್ಚು ಪ್ರದೇಶದಲ್ಲಿ ಬೆಳೆಯನ್ನು ಬರದಿಂದ ಕಾಯುವ ಹಗುರ ನೀರಾವರಿಯಾಗಿತ್ತು, ಆದರೆ ಭತ್ತ ಬೇಗನೆ ಮುಂದೆ ಬಂತು. ಕಾಲುವೆಯ ಸೋರಿಕೆ, ಭತ್ತದ ಗದ್ದೆಯಲ್ಲಿ ನಿಂತ ನೀರು, ಬಸಿದು ಹೋಗುವ ದಾರಿಯಿಲ್ಲದ ಎರೆನೆಲ, ಇವು ಸೇರಿ ಅನೇಕ ಕಡೆ ಅಂತರ್ಜಲ ಮೇಲಕ್ಕೆ ಬಂದು, ತನ್ನೊಂದಿಗೆ ಉಪ್ಪನ್ನೂ ತಂದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು ನೆಲದ, ಅಂದರೆ ಉಪ್ಪೇರಿದ ಮತ್ತು ನೀರು ನಿಂತು ಕೆಟ್ಟ ನೆಲದ ಬಗ್ಗೆ ವರ್ಷಗಳಿಂದ ಅಧ್ಯಯನ ನಡೆಯುತ್ತಿರುವುದು ಈ ಕಾರಣಕ್ಕೇ. ಇಂಥ ನೆಲದ ಮೇಲೆ ಕಟ್ಟಿದ ಊರುಗಳ ಹಿತ್ತಲುಗಳೂ ಆ ಸಮಸ್ಯೆಯಿಂದ ಹೊರತಾಗಿಲ್ಲ. ಗೋಡೆಯ ಬುಡದಲ್ಲಿ ಸುಣ್ಣ ಉದುರಿ, ಅಂಗಳದಲ್ಲಿ ಬಿಳಿ ಪದರ ಕಾಣುವ ಮನೆಯವರು ಇಲ್ಲಿಯೂ ಕೆಲವರು ಕುಳಿತಿರಬಹುದು.

ಉಪ್ಪು ಎಲ್ಲಿಂದ ಬಂದು ಎಲ್ಲಿ ಕೂಡುತ್ತದೆ ಎಂಬುದನ್ನು ತಿಳಿದವರಿಗೆ ಮಾತ್ರ ಏರುಮಡಿಯಿಂದ ಪ್ರಯೋಜನವಾಗುತ್ತದೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 4 ಅಡಿ ಅಗಲ, 10 ಅಡಿ ಉದ್ದದ ಒಂದು ಮಡಿಯನ್ನು ಇಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 3.7 ಚದರ ಮೀಟರ್. ಒಂದು ಚದರ ಮೀಟರಿನಿಂದ ಒಂದು ಮಿಲಿಮೀಟರ್ ನೀರು ಆರಿತು ಎಂದರೆ ಒಂದು ಲೀಟರ್ ಹೋಯಿತು ಎಂದರ್ಥ. ಕಡುಬೇಸಿಗೆಯಲ್ಲಿ ಬೆಳೆ ಮತ್ತು ಮಣ್ಣು ಸೇರಿ ದಿನಕ್ಕೆ 8 ಮಿಲಿಮೀಟರ್ ಕಳೆಯುತ್ತವೆ ಎಂದು ಹಿಡಿದರೆ, ಆ ಮಡಿಗೆ ದಿನಕ್ಕೆ 30 ಲೀಟರಿನಷ್ಟು ನೀರು ಬೇಕು. ಈಗ ನಿಮ್ಮ ಬೋರಿನ ನೀರಿನಲ್ಲಿ ಲೀಟರಿಗೆ 1 ಗ್ರಾಂ ಲವಣವಿದೆ ಎನ್ನೋಣ. ನಮ್ಮ ಕಡೆ ಇದು ಅಪರೂಪದ ಮಾತಲ್ಲ. ದಿನಕ್ಕೆ 30 ಗ್ರಾಂ, ನೂರು ದಿನಕ್ಕೆ 3 ಕಿಲೊ. ಗಿಡ ನೀರನ್ನು ಕುಡಿದು ಎಲೆಯಿಂದ ಆವಿಯಾಗಿ ಬಿಡುತ್ತದೆ, ಲವಣದ ಬಹುಪಾಲನ್ನು ಮಣ್ಣಿನಲ್ಲಿಯೇ ಬಿಡುತ್ತದೆ. ಒಂದು ಬೇಸಿಗೆಯಲ್ಲಿ ನಿಮ್ಮದೇ ಕೈಯಿಂದ 3 ಕಿಲೊ ಉಪ್ಪನ್ನು ಆ ಪುಟ್ಟ ಮಡಿಗೆ ಸುರಿದಂತಾಯಿತು. ಅದು ಕೆಳಗೆ ಇಳಿದು ಹೋಗಲೇಬೇಕು, ಇಲ್ಲವಾದರೆ ಮುಂದಿನ ವರ್ಷ ಆ ಮಡಿಯಲ್ಲಿ ಮೂಲಂಗಿಯೂ ಏಳುವುದಿಲ್ಲ.

ಆ ಉಪ್ಪು ಮಡಿಯಲ್ಲೆಲ್ಲ ಒಂದೇ ಸಮನಾಗಿ ಇರುವುದಿಲ್ಲ. ನೀರು ಯಾವ ಕಡೆ ಸರಿಯುತ್ತದೆಯೋ ಆ ಕಡೆ ಹೋಗಿ, ನೀರು ಆವಿಯಾಗುವ ಜಾಗದಲ್ಲಿ ಉಳಿಯುತ್ತದೆ. ಎರಡೂ ಬದಿಯ ಸಾಲಿಗೆ ನೀರು ಬಿಟ್ಟರೆ ಅದು ಎರಡು ಕಡೆಯಿಂದ ನಡುವಿಗೆ ಏರುತ್ತದೆ, ಆದ್ದರಿಂದ ಮಡಿಯ ನಡುನೆತ್ತಿಯಲ್ಲಿ ಉಪ್ಪು ಕೂಡುತ್ತದೆ. ಅಲ್ಲಿ ಬೀಜ ಊರಬಾರದು, ಸಾಲಿಗೆ ಹತ್ತಿರವಾಗಿ ಮಡಿಯ ಹೆಗಲಿನಲ್ಲಿ ಊರಬೇಕು. ಹನಿ ನೀರಾವರಿಯ ಪೈಪನ್ನು ನಡುವೆ ಎಳೆದಿದ್ದರೆ ಲೆಕ್ಕ ತಿರುಗುತ್ತದೆ: ತೊಟ್ಟಿಕ್ಕುವ ಜಾಗ ತಿಳಿಯಾಗಿರುತ್ತದೆ, ಒದ್ದೆ ಮುಗಿಯುವ ಅಂಚಿನಲ್ಲಿ ಉಪ್ಪು ನಿಲ್ಲುತ್ತದೆ. ಮಾರ್ಚ್ ಕೊನೆಯಲ್ಲಿ ಅಂಥ ಮಡಿಯ ಅಂಚನ್ನು ಬಗ್ಗಿ ನೋಡಿ. ಒದ್ದೆ ಮಣ್ಣಿನ ಕಪ್ಪು ಮುಗಿದು ಒಣ ಮಣ್ಣಿನ ಬೂದುಬಣ್ಣ ಶುರುವಾಗುವ ಗೆರೆಯಲ್ಲಿ ತೆಳುವಾದ ಬಿಳಿ ಹೊಪ್ಪಳೆ ಇರುತ್ತದೆ. ಬೆರಳಾಡಿಸಿದರೆ ಹಿಟ್ಟಿನಂತೆ ಹತ್ತುತ್ತದೆ. ಆ ಹೊಪ್ಪಳೆಯನ್ನು ಕೆರೆದು ಹೊರಗೆ ಹಾಕಿ, ಮಡಿಯೊಳಗೆ ಬೆರೆಸಬೇಡಿ. ಇನ್ನೊಂದು ಮಾತು, ಇದನ್ನು ಅನೇಕರು ಗಮನಿಸುವುದಿಲ್ಲ: ಬೇಸಿಗೆಯ ಕೊನೆಗೆ ಸಣ್ಣ ಅಡ್ಡಮಳೆಯೊಂದು ಬಂದರೆ ಅದು ಅಂಚಿನ ಉಪ್ಪನ್ನು ಕರಗಿಸಿ ಬೇರಿನ ಕಡೆಗೇ ತಳ್ಳುತ್ತದೆ. ಮಳೆ ಬಂತೆಂದು ಹನಿ ನೀರನ್ನು ನಿಲ್ಲಿಸದೆ, ಆ ಹೊತ್ತಿನಲ್ಲಿ ಬಿಟ್ಟೇ ಇರಬೇಕು. ಚೆನ್ನಾಗಿ ನೆನೆಯುವ ದೊಡ್ಡ ಮಳೆಯಾದ ಮೇಲೆ ನಿಲ್ಲಿಸಬಹುದು.

ಇದೇ ಸಂದರ್ಭದಲ್ಲಿ ಬಹಳ ಕಾಳಜಿಯಿಂದ ಒಂದು ಮಾತನ್ನು ಹೇಳಬೇಕು. ಮನೆಗಳಲ್ಲಿಯೂ ಊರಿನ ಶುದ್ಧ ನೀರಿನ ಘಟಕಗಳಲ್ಲಿಯೂ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಹಾಳು ಮಾಡಬಾರದೆಂಬ ಒಳ್ಳೆಯ ಮನಸ್ಸಿನಿಂದ ಕೈತೋಟಕ್ಕೆ ಹಾಯಿಸುತ್ತಾರೆ. ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಇರುವುದು ಆ ನೀರಿನಲ್ಲಿಯೇ. ಅಂಗಳ ತೊಳೆಯುವುದಕ್ಕೆ, ಶೌಚಾಲಯಕ್ಕೆ ಅದನ್ನು ಬಳಸಿ. ತರಕಾರಿಯ ಮಡಿಗೆ ಖಂಡಿತ ಬೇಡ. ಕಾಲುವೆಯ ನೀರಿನ ನಳ ಇರುವ ಮನೆಗಳಲ್ಲಿ ಆ ನೀರನ್ನೇ ಮಡಿಗೆ ಕೊಡುವುದು ಲೇಸು, ಏಕೆಂದರೆ ಅದರಲ್ಲಿ ಲವಣ ಬೋರಿನ ನೀರಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಮಾಳಿಗೆಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ಬೀಜ ಮೊಳೆಯುವ ಮೊದಲ ಎರಡು ವಾರಕ್ಕೆಂದು ಉಳಿಸಿಕೊಂಡರೆ ಅದಕ್ಕಿಂತ ಉತ್ತಮ ಉಪಯೋಗವಿಲ್ಲ. ಎಳೆಸಸಿಗಳಿಗೆ ಉಪ್ಪನ್ನು ತಡೆಯುವ ಶಕ್ತಿ ಎಲ್ಲಕ್ಕಿಂತ ಕಡಿಮೆ.

ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆಯೋ ಇಲ್ಲವೋ ಎಂಬುದಕ್ಕೆ ಮನೆಯಲ್ಲಿಯೇ ಮಾಡುವ ಒಂದು ಪರೀಕ್ಷೆಯಿದೆ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಆರ್‌ಒದ ಕುಡಿಯುವ ನೀರನ್ನು ತೆಗೆದುಕೊಂಡು, ಕಡಲೆಕಾಳಿನ ಗಾತ್ರದ ಒಣ ಹೆಂಟೆಯೊಂದನ್ನು ಮೆಲ್ಲಗೆ ಬಿಡಿ, ಅಲುಗಾಡಿಸದೆ ರಾತ್ರಿಯಿಡೀ ಬಿಟ್ಟುಬಿಡಿ. ಬೆಳಿಗ್ಗೆ ಹೆಂಟೆ ಕುಸಿದು ಪುಡಿಯಾಗಿ ಕೆಳಗೆ ಬಿದ್ದಿದ್ದರೂ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ನೀರು ಕದಡಿ ಮಬ್ಬಾಗಿದ್ದರೆ ಅದು ಸೋಡಿಯಂನ ಗುರುತು. ಅಂಥ ಮಣ್ಣಿಗೆ ಜಿಪ್ಸಂ ಬೇಕಾಗುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಜೇಡಿಕಣಕ್ಕೆ ಅಂಟಿದ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಂದಿಗೆ ಕೆಳಗೆ ಇಳಿಯಬೇಕು. ಇಳಿಯುವ ದಾರಿಯೇ ಇಲ್ಲದ ಕಡೆ ಜಿಪ್ಸಂ ಹಾಕಿ ಹಣ ಕಳೆದುಕೊಳ್ಳಬೇಡಿ. ಮೊದಲು ಮಡಿಯನ್ನು ಏರಿಸಿ, ಬಸಿಯುವ ಕಾಲುವೆ ತೋಡಿ, ಆಮೇಲೆ ಜಿಪ್ಸಂ. ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆಯ ವರದಿ ನೋಡಿಯೇ ನಿರ್ಧರಿಸಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿಯೇ ಇರುವಾಗ ಊಹೆಯ ಮೇಲೆ ನಡೆಯುವ ಅಗತ್ಯವಿಲ್ಲ.

ಹೀಗಾಗಿ ಸವಳು ನೆಲದ ಮೇಲೆ ನಾನು ಒಂದರಿಂದ ಒಂದೂವರೆ ಅಡಿ ಎತ್ತರ ಹೇಳುತ್ತೇನೆ. ಹೊರಗಿನಿಂದ ಒಳ್ಳೆಯ ಮಣ್ಣನ್ನು ತಂದು ಹಾಕಬೇಕಾದುದೂ ಇಲ್ಲಿಯೇ. ಮಡಿಯ ತಳದಲ್ಲಿ ಮೂರು ನಾಲ್ಕು ಅಂಗುಲ ಜಲ್ಲಿ ಹಾಕುವ ರೂಢಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ನೀರು ಬೇಗ ಬಸಿಯಲಿ ಎಂದು ಹಾಕುವುದಾದರೆ ಅದರಿಂದ ಲಾಭವಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ಯುವವರೆಗೂ ನೀರು ಜಲ್ಲಿಗೆ ಇಳಿಯುವುದಿಲ್ಲ. ಆದರೆ ಕೆಳಗಿನ ಉಪ್ಪುನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರುವುದನ್ನು ಜಲ್ಲಿಯ ಪದರ ಕತ್ತರಿಸುತ್ತದೆ. ಅಂದಮೇಲೆ ಸವಳು ನೆಲದಲ್ಲಿ ಜಲ್ಲಿಗೆ ಬೆಲೆಯಿದೆ, ಬೇರೆ ಕಡೆ ಅದು ಅನಗತ್ಯ ಖರ್ಚು.

ಮಸಾರಿ ನೆಲದವರಿಗೆ ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಕುಷ್ಟಗಿಯ ಕಡೆಯ ಗರಸು ಬೆರೆತ ಕೆಂಪು ನೆಲದಲ್ಲಿ ನೀರು ನಿಲ್ಲುವುದೇ ಇಲ್ಲ. ಅಲ್ಲಿ ಮಡಿಯನ್ನು ಏರಿಸಿದರೆ ಸಂಜೆಯೊಳಗೆ ಒಣಗುತ್ತದೆ. ನೆಲದ ಮಟ್ಟಕ್ಕಿಂತ ಎರಡು ಮೂರು ಅಂಗುಲ ತಗ್ಗಿಸಿ, ಸುತ್ತ ಸಣ್ಣ ಬದು ಕಟ್ಟಿ, ಕೆರೆಗೋಡನ್ನೂ (ಕೆರೆಯ ಹೂಳನ್ನೂ) ತಿಪ್ಪೆಗೊಬ್ಬರವನ್ನೂ ಬೆರೆಸಿದ ತಗ್ಗುಮಡಿಯೇ ಅಲ್ಲಿಗೆ ಸರಿ. ಏರುಮಡಿ ನೋಡಲು ಅಚ್ಚುಕಟ್ಟಾಗಿದೆ ಎಂಬ ಕಾರಣಕ್ಕೆ ಅಲ್ಲಿ ಅದನ್ನು ಕಟ್ಟಿಕೊಂಡವರು ಬೇಸಿಗೆಯಲ್ಲಿ ನೀರು ಹೊತ್ತು ಸೋಲುತ್ತಾರೆ. ಬಗ್ಗಲಾಗದ ಹಿರಿಯರಿಗಾಗಿ, ಮೊಣಕಾಲು ನೋವಿರುವವರಿಗಾಗಿ ಎರಡು ಅಡಿ ಎತ್ತರದ ಮಡಿ ಕಟ್ಟುವುದು ಮಾತ್ರ ಬೇರೆ ವಿಚಾರ. ಅಲ್ಲಿ ಮಡಿಯ ಎತ್ತರ ಮನುಷ್ಯನ ಅನುಕೂಲಕ್ಕೆ, ಹೆಚ್ಚು ನೀರಿನ ಖರ್ಚನ್ನು ಒಪ್ಪಿಕೊಂಡೇ ಕಟ್ಟಬೇಕು.

ಅಗಲದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಎರಡೂ ಕಡೆಯಿಂದ ಕೈ ಚಾಚುವಂತಿದ್ದರೆ 4 ಅಡಿ, ಗೋಡೆಗೆ ಹೊಂದಿದ್ದರೆ 2ರಿಂದ ಎರಡೂವರೆ ಅಡಿ. ಮಡಿಯ ಮೇಲೆ ಕಾಲಿಡಬಾರದು, ಅಷ್ಟೇ.

ಅಂಚಿಗೆ ನಮ್ಮ ಕಡೆ ಫರಸಿಕಲ್ಲು ಸುಲಭವಾಗಿ ಸಿಗುತ್ತದೆ. ಮನೆ ಕಟ್ಟಿ ಉಳಿದ ತುಂಡುಗಳೂ ಸಾಕು. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದ ಹಾರುಬೂದಿಯ ಇಟ್ಟಿಗೆಗಳನ್ನೂ ಬಳಸುವವರಿದ್ದಾರೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯ ಅಂಚು ಅಗ್ಗವಾದರೂ ಗೆದ್ದಲನ್ನು ಕರೆಯುತ್ತದೆ. ತಗಡು ಬೇಡ, ಮಧ್ಯಾಹ್ನದ ಬಿಸಿಲಿಗೆ ಅಂಚಿನ ಬೇರುಗಳು ಬೇಯುತ್ತವೆ. ಕಲ್ಲಿನ ಅಂಚೂ ಕಾಯುತ್ತದೆ, ಆದ್ದರಿಂದ ಪಡುವಣ ಬದಿಗೆ ಬಸಳೆ ಅಥವಾ ಅಲಸಂದಿಯನ್ನು ಹಚ್ಚಿ ಬಳ್ಳಿಯನ್ನು ಕಲ್ಲಿನ ಮೇಲೆ ಇಳಿಬಿಡಿ.

ತುಂಬುವ ಮಣ್ಣಿನ ಲೆಕ್ಕ ಹೀಗಿದೆ. 4 ಅಡಿ, 10 ಅಡಿ, ಒಂದು ಅಡಿ ಎತ್ತರದ ಮಡಿಗೆ 40 ಘನ ಅಡಿ ಬೇಕು. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅದರಲ್ಲಿ ಎರಡೂವರೆ ಮಡಿ ತುಂಬುತ್ತವೆ. ಅರ್ಧ ಪಾಲು ಮಸಾರಿ, ಮೂರನೆಯ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಉಳಿದುದು ಸವಳಿಲ್ಲದ ಎರೆ, ಈ ಬೆರಕೆ ನೀರನ್ನೂ ಹಿಡಿಯುತ್ತದೆ, ಗಾಳಿಯನ್ನೂ ಬಿಡುತ್ತದೆ. ಕುರಿಗೊಬ್ಬರ ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ, ಆದರೆ ಅದನ್ನು ಹಸಿಯಾಗಿ ಹಾಕದೆ ಕಳಿಸಿ ಹಾಕಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಬೂದಿಯನ್ನು ಪುಕ್ಕಟೆ ಸಿಗುತ್ತದೆಂದು ಪುಟ್ಟಿಗಟ್ಟಲೆ ಸುರಿಯಬೇಡಿ. ನಮ್ಮ ಮಣ್ಣು ಮೊದಲೇ ಕ್ಷಾರ, ಬೂದಿಯೂ ಕ್ಷಾರ. ಕ್ಷಾರ ಹೆಚ್ಚಾದಾಗ ಮಣ್ಣಿನಲ್ಲಿರುವ ಕಬ್ಬಿಣ, ಸತು ಗಿಡಕ್ಕೆ ಸಿಗದಂತಾಗುತ್ತವೆ. ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಆಗ ಮಣ್ಣಿಗೆ ಏನನ್ನು ಹಾಕಿದರೂ ಅದು ಅಲ್ಲಿಯೇ ಕಟ್ಟಿಹೋಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಬೇಕು. ಭತ್ತದ ಹೊಟ್ಟನ್ನು ಸುಡದೆ ಹಾಗೆಯೇ ಮೇಲುಹೊದಿಕೆಯಾಗಿ ಹರಡಿದರೆ ಬಹಳ ಒಳ್ಳೆಯದು. ಶೇಂಗಾ ಹೊಟ್ಟು, ಕತ್ತರಿಸಿದ ಜೋಳದ ಕಣಕಿ, ಯಾವುದಾದರೂ ಆಗಬಹುದು, ಎರಡು ಮೂರು ಅಂಗುಲ ದಪ್ಪ. ಹೊದಿಕೆ ನೀರಿನ ಆವಿಯನ್ನು ತಡೆಯುತ್ತದೆ, ಆವಿ ಕಡಿಮೆಯಾದಂತೆ ಮೇಲೆ ಕೂಡುವ ಉಪ್ಪೂ ಕಡಿಮೆಯಾಗುತ್ತದೆ. ಹೊದಿಕೆಯಿಲ್ಲದ ಏರುಮಡಿಯನ್ನು ನಮ್ಮ ಬಿಸಿಲಿನಲ್ಲಿ ಮಾಡಲೇಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಬೆಳೆಯ ಆಯ್ಕೆಗೂ ಉಪ್ಪಿಗೂ ಸಂಬಂಧವಿದೆ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ, ಮೂಲಂಗಿ, ಇವು ಉಪ್ಪಿಗೆ ಬೇಗ ಸೋಲುತ್ತವೆ. ಟೊಮ್ಯಾಟೊ, ಪಾಲಕ ಸ್ವಲ್ಪ ತಡೆಯುತ್ತವೆ, ಬೀಟ್‌ರೂಟ್ ಇನ್ನೂ ಹೆಚ್ಚು ತಡೆಯುತ್ತದೆ. ಹೊಸ ಮಡಿಯಲ್ಲಿ, ಅದರಲ್ಲೂ ಬೋರಿನ ನೀರಿನವರು, ಮೊದಲ ವರ್ಷ ಪಾಲಕ, ಬೀಟ್‌ರೂಟ್ ಹಾಕಿ ನೋಡಿ. ಅವು ಚೆನ್ನಾಗಿ ಬಂದರೆ ಮುಂದಿನ ವರ್ಷ ಗಜ್ಜರಿಗೆ ಹೋಗಬಹುದು. ಕಾಲದ ಮಾತು ಬಂದರೆ, ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದಾಗ ಟೊಮ್ಯಾಟೊದ ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಸೆಪ್ಟೆಂಬರಿನಲ್ಲಿ ಸಸಿ ಹಚ್ಚಿ, ಸಂಕ್ರಾಂತಿಯ ಆಚೀಚೆ ಕೊಯ್ಲು ತುಂಬಿ ಬರುವಂತೆ ನೋಡಿಕೊಳ್ಳುವುದು ಸೂಕ್ತ. ಮೆಂತ್ಯ, ಸಬ್ಬಸಗಿ, ಕೊತ್ತಂಬರಿ, ಹಕ್ಕರಿಕೆಗೂ ಅದೇ ಚಳಿಯ ತಿಂಗಳುಗಳು. ಬೇಸಿಗೆಯಲ್ಲಿ ಪುಂಡಿಪಲ್ಯ, ರಾಜಗಿರಿ, ಬೆಂಡೆ, ಚವಳಿಕಾಯಿ ನಮ್ಮ ಕೈಬಿಡುವುದಿಲ್ಲ. ರಾಜಗಿರಿಯಂತೂ ಬಿತ್ತಿದ ತಿಂಗಳೊಪ್ಪತ್ತಿನಲ್ಲಿ ಅಡುಗೆಮನೆಗೆ ಬರುತ್ತದೆ. ಅರ್ಧ ಬಿಸಿಲನ್ನು ತಡೆಯುವ ನೆರಳುಬಲೆಯನ್ನು ಏಪ್ರಿಲ್, ಮೇ ತಿಂಗಳಿಗೆ ಮಾತ್ರ ಕಟ್ಟಿ, ಮಳೆ ಬಿದ್ದೊಡನೆ ಬಿಚ್ಚಿಡಿ.

ಉಪನ್ಯಾಸದ ಕೊನೆಗೆ ಒಬ್ಬ ತಾಯಿಯವರು, ಹಿತ್ತಲಿಲ್ಲದವರು ಮಾಳಿಗೆಯ ಮೇಲೆ ಇಂಥ ಮಡಿ ಕಟ್ಟಬಹುದೇ ಎಂದು ಕೇಳಿದರು. ಅಂದು ಕೊಟ್ಟ ಉತ್ತರವನ್ನು ಇಲ್ಲಿ ಲೆಕ್ಕದೊಂದಿಗೆ ಬರೆಯುತ್ತೇನೆ. 40 ಘನ ಅಡಿ ಎಂದರೆ ಸುಮಾರು 1.13 ಘನ ಮೀಟರ್. ನೀರು ಕುಡಿದ ಮಣ್ಣು ಘನ ಮೀಟರಿಗೆ 1,600 ಕಿಲೊ ತೂಗುತ್ತದೆಂದು ಹಿಡಿದರೆ ಆ ಒಂದು ಮಡಿಯ ಭಾರ 1,800 ಕಿಲೊ, ಅಂದರೆ ಚದರ ಮೀಟರಿಗೆ 480 ಕಿಲೊಗಿಂತ ಹೆಚ್ಚು. ಜನ ಓಡಾಡುವ ಸಾಮಾನ್ಯ ಆರ್‌ಸಿಸಿ ಮಾಳಿಗೆಯನ್ನು ಚದರ ಮೀಟರಿಗೆ ಸುಮಾರು 150 ಕಿಲೊ ಹೊರೆಗೆ ಲೆಕ್ಕ ಹಾಕಿ ಕಟ್ಟುವುದು ವಾಡಿಕೆ. ಆದ್ದರಿಂದ ಮಾಳಿಗೆಯ ಮೇಲೆ ಒಂದು ಅಡಿಯ ತುಂಬು ಮಡಿ ಬೇಡ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಂತೂ ಒಂದು ಕುಂಡವನ್ನೂ ಮೇಲೆ ಏರಿಸಬಾರದು. ಆರ್‌ಸಿಸಿ ಮಾಳಿಗೆಯವರು ತೆಂಗಿನ ನಾರಿನ ಪುಡಿಯನ್ನು ತೊಳೆದು, ಅದರ ಉಪ್ಪು ಹೋದ ಮೇಲೆ ಗೊಬ್ಬರ ಬೆರೆಸಿ, ನಾಲ್ಕೈದು ಅಂಗುಲ ಆಳದ ಚೀಲಗಳಲ್ಲಿ ತುಂಬಿ, ಕೆಳಗೆ ತೊಲೆಯೋ ಗೋಡೆಯೋ ಇರುವ ಅಂಚಿನ ಉದ್ದಕ್ಕೆ ಇಟ್ಟುಕೊಳ್ಳಲಿ. ಮೆಂತ್ಯ, ಕೊತ್ತಂಬರಿ, ರಾಜಗಿರಿಗೆ ಅಷ್ಟು ಆಳ ಸಾಕು. ಬದನೆ, ಟೊಮ್ಯಾಟೊ ಬೇಕೆನಿಸಿದರೆ ಒಂದೆರಡು ದೊಡ್ಡ ಕುಂಡಗಳನ್ನು ಅದೇ ಅಂಚಿನಲ್ಲಿ ಇಡಬಹುದು, ಆದರೆ ಅದಕ್ಕೂ ಮೊದಲು ಮನೆ ಕಟ್ಟಿಕೊಟ್ಟ ಎಂಜಿನಿಯರನ್ನು ಕೇಳಬೇಕು.